ಟೈಪ್ 1 ಡಯಾಬಿಟಿಸ್ ಇರೋರಿಗೆ ಇನ್ಸುಲಿನ್ ರೆಸಿಸ್ಟೆನ್ಸ್ (ದೇಹ ಇನ್ಸುಲಿನ್ ಮಾತು ಕೇಳದಿರೋದು) ಎಷ್ಟಿದೆ ಅಂತ ತಿಳ್ಕೊಳ್ಳೋದು ಹೇಗೆ? ಹೋಮಾ ಐಆರ್ ರಿಪೋರ್ಟ್ ನಂಬಬಹುದಾ?

ತುಮಕೂರು_ಟಿ1

ಎಲ್ರಿಗೂ ನಮಸ್ಕಾರ. ನಂಗೆ ಈಗ 36 ವರ್ಷ, ಹದಿಮೂರನೇ ವಯಸ್ಸಿಗೆ ಟೈಪ್ 1 ಬಂತು, ಈಗ ಇನ್ಸುಲಿನ್ ಪೆನ್ನಲ್ಲಿ ರಾತ್ರಿ ಒಂದು ಉದ್ದದ್ದು (ದಿನವಿಡೀ ಕೆಲಸ ಮಾಡೋದು), ಊಟಕ್ಕೆ ಮೂರು ಸಲ ಚಿಕ್ಕದ್ದು (ಬೇಗ ಕೆಲಸ ಮುಗಿಸೋದು) ತಗೋತೀನಿ. ಮೂರು ವರ್ಷದ ಹಿಂದೆ 66 ಕೆಜಿ ಇದ್ದೆ, ದಿನಕ್ಕೆ ಎಲ್ಲಾ ಸೇರಿ 52 ಯೂನಿಟ್ ಸಾಕಾಗ್ತಿತ್ತು. ಈಗ 78 ಕೆಜಿ, 74 ಯೂನಿಟ್ ಹೋಗ್ತಿದೆ, ಆದ್ರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.4ಕ್ಕೆ ಬಂದು ನಿಂತಿದೆ. ಮೊದ್ಲು ಒಂದು ಯೂನಿಟ್ ಹಾಕಿದ್ರೆ ಶುಗರ್ 35ರಷ್ಟು ಇಳೀತಿತ್ತು, ಈಗ 25 ಇಳಿದ್ರೆ ಹೆಚ್ಚು. ಊಟ ಏನೂ ದೊಡ್ಡದಾಗಿ ಬದಲಾಗಿಲ್ಲ, ಮುದ್ದೆ ಸಾರು, ಸಂಜೆ ಒಂದು ಕಾಫಿ, ಆದ್ರೆ ಕೆಲಸ ಫೀಲ್ಡ್‌ನಿಂದ ಆಫೀಸ್ ಕುರ್ಚಿಗೆ ಬಂತು, ಅದು ನಿಜ.

ಹೋದ ವಾರ ಒಂದು ಲ್ಯಾಬ್‌ನಲ್ಲಿ ಫುಲ್ ಬಾಡಿ ಪ್ಯಾಕೇಜ್ ಮಾಡಿಸ್ದೆ, ಅದ್ರಲ್ಲಿ ಫಾಸ್ಟಿಂಗ್ ಇನ್ಸುಲಿನ್ 28, ಫಾಸ್ಟಿಂಗ್ ಶುಗರ್ 172, ಹೋಮಾ ಐಆರ್ 11.9 ಅಂತ ಬಂದು ಕೆಂಪು ಬಣ್ಣದಲ್ಲಿ ತೀವ್ರ ರೆಸಿಸ್ಟೆನ್ಸ್ ಅಂತ ಹಾಕಿದಾರೆ. ನೋಡಿದಾಗಿಂದ ನಿದ್ದೆ ಸರಿ ಬರ್ತಿಲ್ಲ. ಅಪ್ಪಂಗೆ ಟೈಪ್ 2 ಇದೆ, ನಂಗೂ ಕತ್ತಿನ ಹಿಂದೆ ಸ್ವಲ್ಪ ಕಪ್ಪಾಗಿದೆ, ಅದು ರೆಸಿಸ್ಟೆನ್ಸ್ ಲಕ್ಷಣ ಅಂತಾರೆ. ಟೈಪ್ 1 ಇದ್ದೂ ಟೈಪ್ 2 ಥರ ಆಗೋಕೆ ಸಾಧ್ಯನಾ? ಈ 11.9 ನಿಜನಾ? ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ತಿಂಗಳಿದೆ, ಅಷ್ಟರಲ್ಲಿ ನಾನು ಏನು ತಿಳ್ಕೊಂಡು ಹೋಗ್ಬೇಕು ಹೇಳಿ ಪ್ಲೀಸ್.

ಪೆನ್ನು_ಸೂಜಿ

ಮೊದ್ಲು ಆ 11.9 ಮರ್ತುಬಿಡಿ ಸರ್. ಕೋಪಕ್ಕೆ ಹೇಳ್ತಿಲ್ಲ, ಆ ನಂಬರ್ ನಮ್ಮಂಥೋರಿಗೆ ಅನ್ವಯಿಸೋದೇ ಇಲ್ಲ.

ಹೋಮಾ ಅನ್ನೋದು 1985ರಲ್ಲಿ ಮಾಡಿದ ಲೆಕ್ಕ, ಫಾಸ್ಟಿಂಗ್ ಶುಗರ್‌ಗೆ ಫಾಸ್ಟಿಂಗ್ ಇನ್ಸುಲಿನ್ ಗುಣಿಸಿ 405ರಿಂದ ಭಾಗಿಸೋದು, ನಿಮ್ಮದೂ ಹಾಗೇ ಬಂದಿದೆ ನೋಡಿ, 172 ಇಂಟು 28 ಭಾಗಿಸು 405. ಅದ್ರ ಹಿಂದಿರೋ ವಿಚಾರ ಏನಂದ್ರೆ ಮೇದೋಜೀರಕ ಗ್ರಂಥಿ ಕೆಲಸ ಮಾಡ್ತಿದೆ, ಶುಗರ್ ನೋಡ್ಕೊಂಡು ಎಷ್ಟು ಬೇಕೋ ಅಷ್ಟು ಇನ್ಸುಲಿನ್ ಬಿಡ್ತಿದೆ, ಜಾಸ್ತಿ ಬಿಡ್ತಿದ್ರೆ ದೇಹ ಕೇಳ್ತಿಲ್ಲ ಅಂತ ಅರ್ಥ. ನಮಗೆ ಆ ಗ್ರಂಥಿಯಿಂದ ಬರೋದೇ ಇಲ್ವಲ್ಲ. ರಕ್ತದಲ್ಲಿ ಸಿಕ್ಕ 28 ಅಂದ್ರೆ ನೀವು ಹಿಂದಿನ ರಾತ್ರಿ ಚುಚ್ಚಿಕೊಂಡಿದ್ದೇ, ಬೇರೇನಲ್ಲ. ಅದೂ ಸರಿಯಾಗಿ ಅಳತೆ ಆಗಿದೆ ಅನ್ನೋಕಾಗಲ್ಲ, ಯಾಕಂದ್ರೆ ಗ್ಲಾರ್ಜಿನ್, ಆಸ್ಪಾರ್ಟ್ ಥರದ ಇನ್ಸುಲಿನ್ನ ಕೆಲವು ಲ್ಯಾಬ್ ಕಿಟ್ ಪೂರ್ತಿ ಹಿಡಿಯುತ್ತೆ, ಕೆಲವು ಹಿಡಿಯೋದೇ ಇಲ್ಲ, ಜೊತೆಗೆ ವರ್ಷಗಟ್ಟಲೆ ಇನ್ಸುಲಿನ್ ತಗೊಂಡೋರಲ್ಲಿ ಅದರ ವಿರುದ್ಧ ಆಂಟಿಬಾಡಿ ಇದ್ರೆ ಅದೂ ಗೊಂದಲ ಮಾಡುತ್ತೆ. ಅದೇ ರಕ್ತದಲ್ಲಿ ಸಿ ಪೆಪ್ಟೈಡ್ (ಗ್ರಂಥಿ ಇನ್ಸುಲಿನ್ ಜೊತೆಗೇ ಬಿಡೋ ತುಣುಕು) ನೋಡಿದ್ರೆ ಸೊನ್ನೆ ಹತ್ರ ಇರುತ್ತೆ, ನಿಮ್ಮ ಸ್ವಂತ ಇನ್ಸುಲಿನ್ ಇಲ್ಲ ಅಂತ ಅದೇ ಸಾಕ್ಷಿ.

ಹಾಗಾದ್ರೆ ನಮಗೆ ರೆಸಿಸ್ಟೆನ್ಸ್ ಇರಲ್ವಾ ಅಂದ್ರೆ ಇರುತ್ತೆ. ಸಣ್ಣಗಿರೋ ಟೈಪ್ 1ನೋರಲ್ಲೂ ಇರುತ್ತೆ. ಮಾಮೂಲಿ ದೇಹದಲ್ಲಿ ಇನ್ಸುಲಿನ್ ಮೊದಲು ಲಿವರ್‌ಗೆ ಹೋಗಿ ಆಮೇಲೆ ಮೈಗೆ ಹೋಗುತ್ತೆ, ನಾವು ಚರ್ಮದ ಕೆಳಗೆ ಹಾಕೋದ್ರಿಂದ ಮೈಗೆಲ್ಲಾ ಜಾಸ್ತಿ, ಲಿವರ್‌ಗೆ ಕಮ್ಮಿ. ವರ್ಷಾನುಗಟ್ಟಲೆ ಹೀಗೇ ನಡೆದ್ರೆ ಸ್ನಾಯುಗಳು ಅದಕ್ಕೆ ಸ್ಪಂದಿಸೋದು ಕಮ್ಮಿಯಾಗುತ್ತೆ. ಮೇಲಿಂದ ಶುಗರ್ ಏರಿದ್ರೆ ಅದೂ ಸೇರುತ್ತೆ. ಅದರ ಮೇಲೆ ತೂಕ, ಮನೆತನದ ಟೈಪ್ 2 ಬಂದ್ರೆ ಡಬಲ್ ಡಯಾಬಿಟಿಸ್ ಅಂತ ಕರೀತಾರೆ, 1991ರಿಂದಲೂ ಈ ಹೆಸರು ಬಳಕೆಯಲ್ಲಿದೆ. ಅಂದ್ರೆ ನಿಮ್ಮ ಟೈಪ್ 1 ಹೋಗಿ ಟೈಪ್ 2 ಆಗಲ್ಲ, ಟೈಪ್ 1 ಹಾಗೇ ಇರುತ್ತೆ, ಮೇಲೆ ಟೈಪ್ 2ರ ಗುಣಗಳು ಬಂದು ಕೂರುತ್ತೆ.

ನಿಜವಾಗಿ ಅಳೀಬೇಕಂದ್ರೆ ಕ್ಲ್ಯಾಂಪ್ ಅಂತ ಒಂದು ಪರೀಕ್ಷೆ ಇದೆ, 1979ರಲ್ಲಿ ಡಿಫ್ರಾಂಜೊ ಮತ್ತೆ ಅವ್ರ ಜೊತೆಗಾರರು ಬರೆದಿದ್ದು. ರಕ್ತನಾಳಕ್ಕೆ ಒಂದೇ ಸಮನೆ ಇನ್ಸುಲಿನ್ ಹರಿಸ್ತಾ, ಇನ್ನೊಂದು ಡ್ರಿಪ್ಪಲ್ಲಿ ಗ್ಲೂಕೋಸ್ ಕೊಡ್ತಾ, ಐದೈದು ನಿಮಿಷಕ್ಕೆ ಶುಗರ್ ನೋಡಿ ಅದು ಅಲ್ಲಾಡದ ಹಾಗೆ ಗ್ಲೂಕೋಸ್ ಹೆಚ್ಚು ಕಮ್ಮಿ ಮಾಡ್ತಾ ಹೋಗ್ತಾರೆ. ಶುಗರ್ ಇಳೀದೇ ಇರೋಕೆ ಎಷ್ಟು ಗ್ಲೂಕೋಸ್ ಬೇಕಾಯ್ತೋ ಅಷ್ಟನ್ನ ದೇಹ ಒಳಗೆ ತಗೊಂಡಿದೆ ಅಂತ ಲೆಕ್ಕ. ಜಾಸ್ತಿ ಬೇಕಾದ್ರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡ್ತಿದೆ, ಕಮ್ಮಿ ಸಾಕಾದ್ರೆ ರೆಸಿಸ್ಟೆನ್ಸ್. ಗಂಟೆಗಟ್ಟಲೆ ಮಲಗಬೇಕು, ಸಂಶೋಧನೆಗೆ ಬಿಟ್ಟು ಯಾವ ಆಸ್ಪತ್ರೇಲೂ ಮಾಮೂಲಾಗಿ ಮಾಡಲ್ಲ.

ಅದಕ್ಕೇ ಅಮೆರಿಕದ ಪಿಟ್ಸ್‌ಬರ್ಗ್‌ನೋರು 2000ದಲ್ಲಿ ಒಂದು ಸೂತ್ರ ಮಾಡಿದ್ರು, ಇಜಿಡಿಆರ್ ಅಂತ ಹೆಸರು. ಕ್ಲ್ಯಾಂಪ್ ಮಾಡಿದ್ರೆ ಬರೋ ನಂಬರ್ ಎಷ್ಟಿರಬಹುದು ಅಂತ ಸೊಂಟ, ಬಿಪಿ, ಎಚ್‌ಬಿಎ1ಸಿ ಮೂರರಿಂದ ಅಂದಾಜು ಮಾಡೋದು. ಸಾಮಾನ್ಯವಾಗಿ ಬಳಸೋದು ಇದು:

21.158 − (0.09 × ಸೊಂಟದ ಸುತ್ತಳತೆ ಸೆಂಟಿಮೀಟರಲ್ಲಿ) − (3.407 × ಬಿಪಿ) − (0.551 × ಎಚ್‌ಬಿಎ1ಸಿ)

ಬಿಪಿ 140/90 ಅಥವಾ ಮೇಲಿದ್ರೆ, ಇಲ್ಲಾ ಬಿಪಿ ಮಾತ್ರೆ ತಗೋತಿದ್ರೆ 1, ಇಲ್ದಿದ್ರೆ 0. ಇಲ್ಲಿ ಉತ್ತರ ಕಮ್ಮಿ ಬಂದಷ್ಟೂ ರೆಸಿಸ್ಟೆನ್ಸ್ ಜಾಸ್ತಿ, ಹೋಮಾಗೆ ಉಲ್ಟಾ, ಇದನ್ನ ನೆನಪಿಟ್ಕೊಳ್ಳಿ. 8 ಅಥವಾ ಮೇಲಿದ್ರೆ ಒಳ್ಳೇದು, 6ರಿಂದ 8, 4ರಿಂದ 6, 4ಕ್ಕಿಂತ ಕೆಳಗೆ ಅಂತ ಗುಂಪು ಮಾಡ್ತಾರೆ, ಸ್ವೀಡನ್ನಿನ ರಾಷ್ಟ್ರೀಯ ಡಯಾಬಿಟಿಸ್ ರಿಜಿಸ್ಟರಲ್ಲಿ ಈ ನಂಬರ್ ಇಳಿದಷ್ಟೂ ಹೃದಯದ ತೊಂದ್ರೆ ಮತ್ತೆ ಸಾವಿನ ಅಪಾಯ ಏರ್ತಾ ಹೋಗಿದ್ದು ಕಂಡಿದೆ.

ನಿಮ್ಮ ಸೊಂಟ ಎಷ್ಟು, ಬಿಪಿ ಎಷ್ಟು ಹೇಳಿ, ಕೂತು ಲೆಕ್ಕ ಹಾಕೋಣ. ಪ್ಯಾಂಟ್ ಸೈಜ್ ಹೇಳ್ಬೇಡಿ, ಪ್ಯಾಂಟ್ ಹೊಟ್ಟೆ ಕೆಳಗೆ ಕೂರುತ್ತೆ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ದರ್ಜಿ ಟೇಪಲ್ಲಿ ಅಳೀರಿ.

ಹುಬ್ಬಳ್ಳಿ_ಅಕ್ಕ

ನಾ ಡಯಾಬಿಟಿಸ್ ಎಜುಕೇಟರ್ ಅದೀನ್ರಿ. ಪೆನ್ನು_ಸೂಜಿ ಅವರು ಹೇಳಿದ್ದು ಎಲ್ಲಾ ಖರೆ ಅದ. ಆದ್ರ ಲೆಕ್ಕಕ್ಕ ಹೋಗೂಕಿಂತ ಮೊದ್ಲ ಒಂದ್ ಮಾತ್ರಿ. ಡೋಸ್ ಏರಿತಂದ್ರ ಎಲ್ಲಾನೂ ರೆಸಿಸ್ಟೆನ್ಸ್ ಅಲ್ರಿ. ಇನ್ಸುಲಿನ್ ಮೈಯಾಗ ಸರಿಯಾಗಿ ಸೇರ್ಲಿಕತ್ತಿಲ್ಲ ಅಂದ್ರೂ ಹಂಗ ಕಾಣ್ತದ.

ಹೊಟ್ಟಿಮ್ಯಾಲ ದಿನಾ ಅದ ಜಾಗಾಕ್ಕ ಚುಚ್ಚಿದ್ರ ಅಲ್ಲಿ ಕೊಬ್ಬು ಗಂಟ್ ಕಟ್ಟತದ್ರಿ. ಕಣ್ಣಿಗೆ ಕಾಣೂದಿಲ್ಲ ಭಾಳ ಸಲ. ಜಳಕಾ ಮಾಡುವಾಗ ಸಬಕಾರ ಹಚ್ಚಿದ ಕೈಲೆ ಹೊಟ್ಟಿ, ತೊಡಿ ಮ್ಯಾಲ ಮೆಲ್ಲಕ ಸವರ್ರಿ, ಮೆತ್ತನ್ನ ಚರ್ಮದಾಗ ಒಂದ್ ಕಡೆ ರಬ್ಬರಿನಂಗ ಗಟ್ಟಿ ಹತ್ತಿತಂದ್ರ ಅದ ಗಂಟು. ಅಲ್ಲಿ ಚುಚ್ಚಿದ್ರ ನೋವ್ ಆಗೂದಿಲ್ಲ, ಅದಕ್ಕ ಮಂದಿ ಅಲ್ಲೇ ಚುಚ್ಚತಾರ. ಇನ್ಸುಲಿನ್ ಒಂದಿನ ಸೇರ್ತದ, ಒಂದಿನ ಇಲ್ಲ. ಇನ್ನೊಂದ್ ಹೇಳ್ತೀನಿ, ಇದನ್ನ ಬಿಡಬ್ಯಾಡ್ರಿ, ಗಂಟ್ ಬಿಟ್ಟು ಹೊಸಾ ಜಾಗಾಕ್ಕ ಚುಚ್ಚೂದು ಸುರು ಮಾಡೂಕಿಂತ ಮೊದ್ಲ ಡಾಕ್ಟರ್‌ಗೆ ಕೇಳಿ ಡೋಸ್ ಕಮ್ಮಿ ಮಾಡಿಸ್ಕೋರಿ. ಹೊಸಾ ಜಾಗಾದಾಗ ಪೂರ್ತಿ ಸೇರ್ತದ, ಅದ ಡೋಸ್ ಹಾಕಿದ್ರ ಶುಗರ್ ಲೋ ಆಗಿ ಬೀಳ್ತೀರಿ.

ಬಾಟ್ಲಿ ಸಿರಿಂಜ್ ಬಳಸೂವ್ರಿಗೆ ಇನ್ನೊಂದ್ರಿ. ನಮ್ಮ ದೇಶದಾಗ ಬಾಟ್ಲಿ ಇನ್ಸುಲಿನ್ ಹೆಚ್ಚಾಗಿ 40ದ್ದು, ಅಂದ್ರ ಒಂದ್ ಎಂಎಲ್ಲಿನಾಗ 40 ಯೂನಿಟ್, ಅದಕ್ಕ ಕೆಂಪ್ ಮುಚ್ಚಳದ 40ರ ಸಿರಿಂಜ್. ಪೆನ್ನಿಂದು 100ದ್ದು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಾಗ 40ರ ಬಾಟ್ಲಿ ಎಳದ್ರ ಮೈಯಾಗ ಹೋಗೂದು ಐದರಾಗ ಎರಡು ಭಾಗ ಅಷ್ಟ. ಮನ್ಯಾಗಿನವ್ರು ಡೋಸ್ ಏರಿಸ್ಕೋತ ಹೋಗ್ತಾರ, ಶುಗರ್ ಇಳಿಯೂದಿಲ್ಲ. ಉಲ್ಟಾ ಮಾಡಿದ್ರ, ಅಂದ್ರ 100ರದನ್ನ 40ರ ಸಿರಿಂಜಿನಾಗ ಎಳದ್ರ, ಎರಡೂವರಿ ಪಟ್ಟು ಹೋಗ್ತದ, ಜೀವಕ್ಕ ಅಪಾಯ.

ಮತ್ತ ಬ್ಯಾಸಗಿ. ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ಮ್ಯಾಲ ಹೋಗ್ತದ. ತೆರದ ಪೆನ್ನು ಬ್ಯಾಗಿನಾಗ, ಬೈಕ್ ಡಿಕ್ಕ್ಯಾಗ ಇಟ್ರ ಇನ್ಸುಲಿನ್ ಸತ್ತ ಹೋಗ್ತದ್ರಿ. ಫ್ರಿಜ್ ಇಲ್ಲಂದ್ರ ದೊಡ್ಡ ಮಣ್ಣಿನ ಗಡಿಗಿಯೊಳಗ ಸಣ್ಣ ಗಡಿಗಿ, ನಡುವ ಹಸಿ ಉಸುಕು, ಅದರಾಗ ಇಡ್ರಿ. ಫ್ರೀಜರಿನಾಗ ಮಾತ್ರ ಇಡಬ್ಯಾಡ್ರಿ.

ಸಂಜಿಕಿ ಗಿರ್ಮಿಟ್ ಮಿರ್ಚಿ ತಿಂದು ಅದಕ್ಕ ಇನ್ಸುಲಿನ್ ಹಾಕದ ಬಿಡೂದು ಸುದ್ದಾ ಇರ್ತದ್ರಿ, ಅದನ್ನೂ ನೋಡ್ಕೋರಿ. ಥೈರಾಯ್ಡ್ ಟೆಸ್ಟ್ ಆಗೇದೇನು? ಸ್ಟಿರಾಯ್ಡ್ ಗುಳಿಗಿ ಏನರ ತಗೋತೀರೇನು? ಇವೆಲ್ಲಾ ಸರಿ ಅದಾವಂದ್ಮ್ಯಾಲ ರೆಸಿಸ್ಟೆನ್ಸ್ ಬಗ್ಗೆ ಮಾತಾಡೋಣ.

ತುಮಕೂರು_ಟಿ1

ಅಕ್ಕಾ ತುಂಬಾ ಥ್ಯಾಂಕ್ಸ್. ಹೊಟ್ಟೆ ತೊಡೆ ಎರಡೂ ಹೋದ ಸಲ ಡಾಕ್ಟರೇ ಮುಟ್ಟಿ ನೋಡಿದ್ರು, ಗಂಟಿಲ್ಲ ಅಂದ್ರು, ಥೈರಾಯ್ಡ್ ನಾರ್ಮಲ್, ಸ್ಟಿರಾಯ್ಡ್ ಇಲ್ಲ, ಪೆನ್ನು ಮನೇಲೇ ಇರುತ್ತೆ. ಸಂಜೆ ತಿಂಡಿಗೂ ಹಾಕ್ತೀನಿ.

ಸೊಂಟ ಅಳೆದೆ, 98 ಸೆಂಟಿಮೀಟರ್ ಬಂತು. ಬಿಪಿ 126/80. ಆದ್ರೆ ಟೆಲ್ಮಿಸಾರ್ಟನ್ 20 ಒಂದು ತಗೋತೀನಿ, ಅದು ಬಿಪಿಗಲ್ಲ, ಯೂರಿನ್‌ನಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಸ್ವಲ್ಪ ಬಂತು ಅಂತ ಕಿಡ್ನಿಗೆ ಕೊಟ್ಟಿದ್ದು, ಅದಕ್ಕೂ ಮೊದ್ಲು ಬಿಪಿ ಯಾವತ್ತೂ ಹೈ ಇರ್ಲಿಲ್ಲ. ನಾನೇ ಲೆಕ್ಕ ಹಾಕ್ದೆ, ಬಿಪಿ 0 ಹಾಕಿದ್ರೆ 7.7, 1 ಹಾಕಿದ್ರೆ 4.3. ಎಷ್ಟು ವ್ಯತ್ಯಾಸ! ಯಾವುದನ್ನ ನಂಬೋದು?

ಅಂಕಿ_ಅಂಶ_ಮೇಷ್ಟ್ರು

ಕಾಲೇಜಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡ್ತೀನಿ, ನನ್ನ ಹೆಂಡ್ತಿಗೆ ಟೈಪ್ 1, ಹಾಗಾಗಿ ಈ ಸೂತ್ರ ನನಗೆ ಹಳೇ ಪರಿಚಯ. ನೀವು ಕೇಳಿದ್ದು ಈ ಸೂತ್ರದ ದೊಡ್ಡ ಬಲಹೀನತೆಯನ್ನೇ.

ನೋಡಿ, ಬಿಪಿಗೆ ಇರೋದು ಹೌದು ಅಥವಾ ಇಲ್ಲ ಅಷ್ಟೇ. ಹೌದು ಅಂದ ತಕ್ಷಣ 3.4 ಹೋಯ್ತು. ಅಷ್ಟೇ ನಂಬರ್ ಸೊಂಟದಿಂದ ಕಳೀಬೇಕಂದ್ರೆ ಸುಮಾರು 38 ಸೆಂಟಿಮೀಟರ್ ದಪ್ಪ ಆಗಬೇಕು, ಎಚ್‌ಬಿಎ1ಸಿಯಿಂದ ಕಳೀಬೇಕಂದ್ರೆ ಅದು 6 ಪಾಯಿಂಟ್ ಮೇಲೆ ಏರಬೇಕು. ಒಂದೇ ಮನುಷ್ಯಂಗೆ ಇವತ್ತು ಬಿಪಿ 138, ನಾಳೆ 142 ಬಂದ್ರೆ ಅವನ ಸ್ನಾಯುಗಳು ಒಂದೇ ರಾತ್ರೀಲಿ ಬದಲಾದವು ಅನ್ನೋಕಾಗುತ್ತಾ? ಸೂತ್ರ ಮಾತ್ರ ಹಾಗೆ ಹೇಳುತ್ತೆ. ಯಾಕಂದ್ರೆ ಅದನ್ನ ಮಾಡಿದ್ದು ಕ್ಲ್ಯಾಂಪ್ ಮಾಡಿಸಿಕೊಂಡ 24 ಜನರ ಮೇಲೆ. ಜನರನ್ನ ಗುಂಪಾಗಿ ಇಟ್ಟು ನೋಡೋಕೆ, ಸಾವಿರಾರು ಜನರ ರಿಜಿಸ್ಟರಲ್ಲಿ ಅಪಾಯ ಯಾರಿಗೆ ಹೆಚ್ಚು ಅಂತ ವಿಂಗಡಿಸೋಕೆ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಒಬ್ಬೊಬ್ಬರ ವಿಷಯಕ್ಕೆ ಬಂದಾಗ ಹುಷಾರಾಗಿರಬೇಕು.

ಸಂಶೋಧನೆಗಳಲ್ಲಿ ಮಾತ್ರೆ ತಗೋತಿದ್ರೆ ಸಾಮಾನ್ಯವಾಗಿ 1 ಅಂತಾನೇ ಹಾಕ್ತಾರೆ, ಕಿಡ್ನಿಗೆ ಕೊಟ್ಟಿದ್ದೋ ಬಿಪಿಗೋ ಅಂತ ಕೇಳಲ್ಲ. ನಿಮ್ಮ ಕಥೆ ಕೇಳಿದ್ರೆ 0 ಹತ್ತಿರ ಅನ್ಸುತ್ತೆ ನಂಗೆ. ಆದ್ರೆ ಒಂದು ಗಮನಿಸಿ, ಯೂರಿನ್‌ನಲ್ಲಿ ಆಲ್ಬುಮಿನ್ ಬರೋದಕ್ಕೂ ರೆಸಿಸ್ಟೆನ್ಸ್‌ಗೂ ನಂಟಿದೆ, ಅದೇ ಪಿಟ್ಸ್‌ಬರ್ಗ್‌ನೋರು ಕಡಿಮೆ ಇಜಿಡಿಆರ್ ಇದ್ದೋರಿಗೆ ಮುಂದೆ ಕಿಡ್ನಿ ತೊಂದ್ರೆ ಹೆಚ್ಚು ಬಂದಿದ್ದು ನೋಡಿದ್ರು. ಹಾಗಾಗಿ 7.7 ಬಂತು ಅಂತ ಪೂರ್ತಿ ನಿರಾಳ ಆಗೋದೂ ಬೇಡ, 4.3 ನೋಡಿ ಎದೆ ಒಡ್ಕೊಳ್ಳೋದೂ ಬೇಡ. ಎರಡನ್ನೂ ಬರೆದಿಡಿ, ಮುಂದಿನ ವರ್ಷ ಅದೇ ರೀತಿ ಹಾಕಿ, ಯಾವ ಕಡೆ ಹೋಗ್ತಿದೆ ನೋಡಿ.

ಎಚ್‌ಬಿಎ1ಸಿ ಕೂಡ ಹಾಗೇ. ಡೋಸ್ ಬಿಟ್ಟು ಬಿಟ್ಟು 10 ಬಂದಿರೋ ಹುಡುಗನಿಗೂ ಸೂತ್ರ ರೆಸಿಸ್ಟೆನ್ಸ್ ಅಂತಾನೇ ಹೇಳುತ್ತೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ರೆ ಎಚ್‌ಬಿಎ1ಸಿ ಇರೋದಕ್ಕಿಂತ ಜಾಸ್ತಿ ತೋರ್ಸುತ್ತೆ, ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಅದಿದೆ ನಿಮಗೇ ಗೊತ್ತು, ನಮ್ಮನೇಲೂ ಅದನ್ನ ಸರಿಮಾಡಿಸಿದ ಮೇಲೇನೇ ಈ ಲೆಕ್ಕ ಹಾಕಿದ್ದು.

ಇನ್ನೊಂದು, ಇಂಟರ್‌ನೆಟ್ಟಲ್ಲಿ 24.31ರಿಂದ ಶುರುವಾಗೋ ಇನ್ನೊಂದು ಸೂತ್ರ ಸಿಗುತ್ತೆ, ಅದು ಮೂಲದ್ದು, ಸೊಂಟ ಮತ್ತು ನಿತಂಬದ ಅನುಪಾತ ಹಾಕ್ಬೇಕು, ಜೊತೆಗೆ ಅದ್ರಲ್ಲಿರೋದು ಎಚ್‌ಬಿಎ1, ಹಳೇ ಟೆಸ್ಟು, ಈಗಿನ ಎಚ್‌ಬಿಎ1ಸಿ ಅಲ್ಲ. ಇವತ್ತಿನ ರಿಪೋರ್ಟ್ ನಂಬರ್ ಅಲ್ಲಿ ಹಾಕಿದ್ರೆ ತಪ್ಪು ಬರುತ್ತೆ. ಬಿಎಂಐ ಹಾಕೋದೂ ಒಂದಿದೆ. ಒಂದರ ಉತ್ತರ ಇನ್ನೊಂದಕ್ಕೆ ಹೋಲಿಸ್ಬೇಡಿ, ಒಂದನ್ನೇ ಹಿಡ್ಕೊಳ್ಳಿ.

ಅದಕ್ಕಿಂತ ಸರಳ ಲೆಕ್ಕ ನಿಮ್ಮ ಹತ್ರಾನೇ ಇದೆ. ಮೊದ್ಲು 52 ಯೂನಿಟ್, 66 ಕೆಜಿ, ಅಂದ್ರೆ ಕೆಜಿಗೆ 0.79. ಈಗ 74, 78 ಕೆಜಿ, ಅಂದ್ರೆ 0.95. ಹಳೇ ಲೆಕ್ಕದಲ್ಲೇ ಹೋಗಿದ್ರೂ 78 ಕೆಜಿಗೆ ಸುಮಾರು 62 ಬೇಕಿತ್ತು. ಅಂದ್ರೆ ಏರಿದ 22 ಯೂನಿಟ್‌ನಲ್ಲಿ 10 ತೂಕ ಹೆಚ್ಚಿದ್ದಕ್ಕೇ ಹೋಯ್ತು, ಉಳಿದ 12ರ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ. ದೊಡ್ಡೋರಲ್ಲಿ ಕೆಜಿಗೆ 1 ದಾಟಿದ್ರೆ ರೆಸಿಸ್ಟೆನ್ಸ್ ಬಗ್ಗೆ ಯೋಚ್ನೆ ಮಾಡ್ತಾರೆ, ನೀವು ಅಂಚಿನಲ್ಲಿದೀರ.

ಶಿರಸಿ_ಅಮ್ಮ

ನಡುವೆ ಬಾಯಿ ಹಾಕ್ತಿದ್ದೆ, ಬೇಜಾರು ಮಾಡ್ಕಳಡಿ. ನನ್ನ ಮಗಂಗೆ 14 ವರ್ಷ, ಎರಡು ವರ್ಷದಿಂದ ಡೋಸು ಏರ್ತಾನೇ ಇದ್ದು, ಈಗ ಕೆಜಿಗೆ 1.3 ಆತು. ಅವ ಕಡ್ಡಿ ಹಾಂಗೆ ಇದ್ದ, ಸೊಂಟನೇ ಇಲ್ಲೆ. ಅವಂಗೂ ಈ ಸೂತ್ರ ಹಾಕಿ ನೋಡ್ಲಕ್ಕಾ?

ಪೆನ್ನು_ಸೂಜಿ

ಅಕ್ಕಾ, ಮಗನಿಗೆ ಈ ಸೂತ್ರ ಬೇಡ, ಇದು ದೊಡ್ಡೋರದ್ದು. ಮಕ್ಕಳಿಗೆ, ಹದಿಹರೆಯದವ್ರಿಗೆ ಅಮೆರಿಕದ ಸರ್ಚ್ ಅನ್ನೋ ಅಧ್ಯಯನದೋರು ಸೊಂಟ, ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) ಇಟ್ಟು ಬೇರೆ ಸೂತ್ರ ಮಾಡಿದಾರೆ, ಆದ್ರೆ ಅದನ್ನೂ ಮನೇಲಿ ಹಾಕಿ ಏನೂ ಮಾಡೋದಿಲ್ಲ. ಈ ವಯಸ್ಸಲ್ಲಿ ಬೆಳವಣಿಗೆ ಹಾರ್ಮೋನು ಜಾಸ್ತಿ ಇರುತ್ತೆ, ಅದೇ ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತೆ. ಡಯಾಬಿಟಿಸ್ ಇಲ್ಲದ ಮಕ್ಕಳಲ್ಲೂ ಇದು ಆಗುತ್ತೆ ಅಂತ 1986ರಲ್ಲೇ ಕ್ಲ್ಯಾಂಪ್ ಮಾಡಿ ತೋರ್ಸಿದ್ರು, ಅವರ ಗ್ರಂಥಿ ಜಾಸ್ತಿ ಬಿಟ್ಟು ಸರಿದೂಗಿಸುತ್ತೆ, ನಿಮ್ಮ ಮಗನಿಗೆ ನೀವು ಪೆನ್ನಲ್ಲಿ ಕೊಡ್ತೀರಿ, ಅಷ್ಟೇ ವ್ಯತ್ಯಾಸ. ಈ ವಯಸ್ಸಿಗೆ 1.2, 1.5 ಎಲ್ಲಾ ಮಾಮೂಲು. ಬೆಳವಣಿಗೆ ಮುಗಿದ ಮೇಲೆ ಇಳಿಯುತ್ತೆ, ಆಗ ಡೋಸ್ ಇಳಿಸೋದನ್ನ ಮರೀಬಾರದು. ಅವನು ಜಾಸ್ತಿ ಚುಚ್ಕೋಬೇಕಾಗಿ ಬಂದಿರೋದು ಅವನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ, ಅವನಿಗೂ ಇದನ್ನ ಹೇಳಿ.

ಹುಬ್ಬಳ್ಳಿ_ಅಕ್ಕ

ಹೌದ್ರಿ ಅಕ್ಕಾರ. ಆದ್ರ ವಾಂತಿ, ಹೊಟ್ಟಿ ನೋವು, ಜೋರ್ ಜೋರ್ ಉಸಿರು ಇದ್ದು ಶುಗರ್ ಮ್ಯಾಲ ಇತ್ತಂದ್ರ ವಯಸ್ಸಿಂದು ಅಂತ ಸುಮ್ಮ ಕೂಡಬ್ಯಾಡ್ರಿ, ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಾಗ ಏರೂ ಆಸಿಡ್) ನೋಡ್ರಿ, ದವಾಖಾನಿಗೆ ಓಡ್ರಿ.

ತುಮಕೂರು_ಟಿ1

ಮೇಷ್ಟ್ರೇ, ಆ 10 ಮತ್ತೆ 12 ಯೂನಿಟ್ ಲೆಕ್ಕ ನೋಡಿ ನಂಗೆ ಮೊದಲ ಸಲ ಇದು ಅರ್ಥ ಆಯ್ತು. ಇನ್ನೊಂದೇ ಪ್ರಶ್ನೆ, ಫ್ರೆಂಡ್ ಒಬ್ಬ ಮೆಟ್ಫಾರ್ಮಿನ್ ತಗೋ ಅಂತಾನೆ, ಇನ್ನೊಬ್ಬ ಡಾಪಾಗ್ಲಿಫ್ಲೋಜಿನ್ ಈಗ ಅಗ್ಗ ಆಗಿದೆ, ಮೆಡಿಕಲ್ಲಲ್ಲಿ ಕೇಳಿದ್ರೆ ಕೊಡ್ತಾರೆ ಅಂತಾನೆ. ಟೈಪ್ 2 ಥರ ಇದೆ ಅಂದ್ರೆ ಆ ಮಾತ್ರೆ ಕೆಲಸ ಮಾಡ್ಬೇಕಲ್ವಾ?

ಪೆನ್ನು_ಸೂಜಿ

ಎರಡನೇದನ್ನ ದಯವಿಟ್ಟು ಮೆಡಿಕಲ್ ಶಾಪಲ್ಲಿ ಕೇಳಿ ತಗೋಬೇಡಿ, ಕೈ ಮುಗಿದು ಹೇಳ್ತೀನಿ. ಟೈಪ್ 1 ಇರೋರಿಗೆ ಅದ್ರಿಂದ ಕೀಟೋ ಆಸಿಡೋಸಿಸ್ ಆಗಬಹುದು, ಅದೂ ಶುಗರ್ 150, 180 ಇರುವಾಗಲೇ. ಮೀಟರ್ ನೋಡಿ ಎಲ್ಲಾ ಸರಿಯಿದೆ ಅಂದ್ಕೊಂಡಿರ್ತೀರಿ, ಒಳಗೆ ಆಸಿಡ್ ಏರ್ತಿರುತ್ತೆ, ಆಸ್ಪತ್ರೆಯಲ್ಲೂ ಶುಗರ್ ನೋಡಿ ಬೇಗ ಹೊಳೆಯಲ್ಲ.

ಮೆಟ್ಫಾರ್ಮಿನ್ ಅಷ್ಟು ಅಪಾಯದ್ದಲ್ಲ, ಆದ್ರೆ ದೊಡ್ಡ ನಿರೀಕ್ಷೆ ಬೇಡ. 2017ರಲ್ಲಿ ರಿಮೂವಲ್ ಅಂತ ಒಂದು ಟ್ರಯಲ್ ಫಲಿತಾಂಶ ಬಂತು, ಟೈಪ್ 1 ಇರೋ ದೊಡ್ಡೋರಿಗೆ ಮೂರು ವರ್ಷ ಕೊಟ್ಟು ನೋಡಿದ್ರು. ಎಚ್‌ಬಿಎ1ಸಿ ಶುರುವಲ್ಲಿ ಸ್ವಲ್ಪ ಇಳಿದು ಆಮೇಲೆ ಉಳೀಲಿಲ್ಲ, ತೂಕ ಮತ್ತೆ ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ ಸ್ವಲ್ಪ ಇಳೀತು. ನಿಮ್ಮ ಕಿಡ್ನಿ ರಿಪೋರ್ಟ್ ನೋಡಿ ಡಾಕ್ಟರ್ ಬೇಕು ಅಂದ್ರೆ ತಗೊಳ್ಳಿ.

ನನ್ನ ಅನುಭವದಲ್ಲಿ ಇನ್ಸುಲಿನ್ ಸೆನ್ಸಿಟಿವಿಟಿ ಬೇಗ ಬದಲಾಯಿಸೋದು ನಡಿಗೆ. ಸಂಜೆ ಊಟ ಆದ ಮೇಲೆ ಅರ್ಧ ಗಂಟೆ ಚುರುಕಾಗಿ ನಡೀರಿ, ಸ್ನಾಯು ಕೆಲಸ ಮಾಡೋವಾಗ ಗ್ಲೂಕೋಸ್ ಎಳ್ಕೊಳ್ಳೋಕೆ ಇನ್ಸುಲಿನ್ ಅಷ್ಟು ಬೇಕಾಗಲ್ಲ, ಅದರ ಪರಿಣಾಮ ರಾತ್ರಿಯಿಡೀ ಇರುತ್ತೆ. ಅದಕ್ಕೇ ಶುರು ಮಾಡಿದ ಮೊದಲ ವಾರ ಮಧ್ಯರಾತ್ರಿ ಶುಗರ್ ಚೆಕ್ ಮಾಡಿ, ತಲೆ ಹತ್ರ ಗ್ಲೂಕೋಸ್ ಇಟ್ಕೊಂಡು ಮಲಗಿ, ಲೋ ಬರ್ತಿದ್ರೆ ಡೋಸ್ ಎಷ್ಟು ಇಳಿಸ್ಬೇಕು ಅಂತ ಫೋನ್ ಮಾಡಿ ಕೇಳಿ.

ಅಂಕಿ_ಅಂಶ_ಮೇಷ್ಟ್ರು

ಡಾಕ್ಟರ್ ಹತ್ರ ಹೋಗುವಾಗ ಹೋಮಾ ರಿಪೋರ್ಟ್ ಬದಲು ಒಂದು ಹಾಳೇಲಿ ಇದನ್ನ ಬರ್ಕೊಂಡು ಹೋಗಿ: ಎರಡು ವಾರದ ದಿನದ ಒಟ್ಟು ಯೂನಿಟ್, ಅದನ್ನ ತೂಕದಿಂದ ಭಾಗಿಸಿದ್ದು, ಸೊಂಟ, ಮನೇಲಿ ನೋಡಿದ ಬಿಪಿ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಯೂರಿನ್ ಆಲ್ಬುಮಿನ್, ಹಿಮೋಗ್ಲೋಬಿನ್, ಅಪ್ಪನ ಟೈಪ್ 2, ಕತ್ತಿನ ಕಪ್ಪು. ನಮ್ಮ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ಒಳಗಿರಬೇಕು ಅಂತ ಹೇಳ್ತಾರೆ, ನೀವು 8 ಮೇಲಿದೀರ. ಸೂತ್ರದಲ್ಲಿ 8 ಸೆಂಟಿಮೀಟರ್ ಇಳಿದ್ರೆ ಏರೋದು ಬರೀ 0.7, ಅದನ್ನ ನೋಡಿ ಅಷ್ಟೇನಾ ಅನ್ಕೋಬೇಡಿ, ಅದರ ಜೊತೆಗೆ ಡೋಸ್, ಟ್ರೈಗ್ಲಿಸರೈಡ್, ಬಿಪಿ ಎಲ್ಲಾ ಇಳಿಯುತ್ತೆ, ಸೂತ್ರ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ತುಮಕೂರು_ಟಿ1

ಬರ್ಕೊಂಡೆ ಸರ್. ಟ್ರೈಗ್ಲಿಸರೈಡ್ 190 ಇದೆ, ಹಿಮೋಗ್ಲೋಬಿನ್ 14. ಇವತ್ತು ಸಂಜೆಯಿಂದಲೇ ಅಮಾನಿಕೆರೆ ಕಡೆ ನಡೆಯೋಕೆ ಶುರು ಮಾಡ್ತೀನಿ. ಡಾಕ್ಟರ್ ಏನಂದ್ರು ಅಂತ ಬಂದು ಇಲ್ಲೇ ಹಾಕ್ತೀನಿ.

ಹುಬ್ಬಳ್ಳಿ_ಅಕ್ಕ

ನಡೀಲಿಕ್ಕೆ ಹೋಗುವಾಗ ಊಟದ ಇನ್ಸುಲಿನ್ ತೊಡಿಗೆ ಚುಚ್ಚಬ್ಯಾಡ್ರಿ, ಹೊಟ್ಟಿಗೆ ಚುಚ್ಚ್ರಿ. ನಡದ್ರ ತೊಡಿಯಿಂದ ಲಗೂನ ಏರ್ತದ, ದಾರ್ಯಾಗ ಲೋ ಆಗ್ತದ. ಕಿಸೆದಾಗ ಗ್ಲುಕೋಸ್ ಇರ್ಲಿ, ಕಾಲಿಗೆ ಬೂಟ್ ಇರ್ಲಿ, ಚಪ್ಪಲ್ ಬ್ಯಾಡ.